ಸೂರಿನ ಹಡಗುಗಳೂ ಬರ್ಕಾದ ಬಾಳೆಲೆಗಳೂ

ಒಮಾನ್ ದೇಶದ ಅನಿಲ ಕಡಲು ದಾಟಿ ಎಷ್ಟೋ ಊರುಗಳ ದೀಪವಾಗಿ, ಒಲೆಯ ಉರಿಯಾಗಿ ಬೆಳಗುತ್ತದೆ ಎಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಆದರೆ ಆ ಅನಿಲ ತುಂಬಿಕೊಳ್ಳಲು ಅಲ್ಲಿನ ಸೂರ್ ಬಂದರಿಗೆ ಬರುವ ಹಡಗಿಗೆ ಅದನ್ನು ಎಳೆದು ತರುವ ಟಗ್ ದೋಣಿಯನ್ನೂ, ಕಾಯಿಲೆ ಬಿದ್ದ ನಾವಿಕನಿಗೆ ವೈದ್ಯರನ್ನೂ, ಹಡಗಿನ ಅಡುಗೆಮನೆಗೆ ಸೊಪ್ಪು ತರಕಾರಿಯನ್ನೂ ಮುಂಚಿತವಾಗಿ ಹೊಂದಿಸಿಡುವವರು ಒಬ್ಬರಿರುತ್ತಾರೆ ಎಂಬುದನ್ನು ಬಲ್ಲವರು ಕಡಿಮೆ. ಶಿಪ್ಪಿಂಗ್ ಏಜೆನ್ಸಿಯೊಂದರ ಮೇಜಿನ ಹಿಂದೆ ಕುಳಿತು, ಮೈಸೂರಿನಿಂದ ಬಂದ ಹೊಸ ಮದುವಣಗಿತ್ತಿಯಾಗಿದ್ದ ದಿನದಿಂದ ಅರವತ್ತು ತುಂಬಿದ ಈ ದಿನದವರೆಗೆ, ಅದೇ ಕೆಲಸವನ್ನು ಮಾಡಿ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ರತ್ನಪ್ರಭಾ ಅವರನ್ನು ಸೂರಿನ ನಮ್ಮ ಕನ್ನಡ ಸಂಘವು ಅಭಿಮಾನದಿಂದ ಅಭಿನಂದಿಸುತ್ತಿದೆ.

ಅವರನ್ನು ಹೊಗಳಲು ಕುಳಿತವರಿಗೆಲ್ಲ ಮೊದಲು ನೆನಪಾಗುವುದು ಅವರ ಅನುಮಾನ. ಇಂಥ ಅಭಿನಂದನ ಗ್ರಂಥದಲ್ಲಿ ಅದನ್ನು ಬರೆಯಬಹುದೇ ಎಂದು ಸಂಪಾದಕರು ಹಿಂದೆಮುಂದೆ ನೋಡಿದರು. ಬರೆಯದಿದ್ದರೆ ಈ ಗ್ರಂಥವನ್ನೇ ಅವರು ನಂಬುವುದಿಲ್ಲ.

ಕ್ಯಾಪ್ಟನ್ ರೇಡಿಯೋದಲ್ಲಿ "ಎಲ್ಲ ಸರಿಯಾಗಿದೆ" ಎಂದರೆ ರತ್ನಪ್ರಭಾ ಅವರು ಕುರ್ಚಿಯಿಂದ ಏಳುತ್ತಿದ್ದರು; "ಸ್ವಲ್ಪ ತೊಂದರೆ ಇದೆ" ಎಂದರೆ ಮಾತ್ರ ಮತ್ತೆ ಕೂರುತ್ತಿದ್ದರು. ಸೇವೆಯ ಮೊದಲ ವರ್ಷಗಳಲ್ಲೇ, ಹಡಗೊಂದರ ಅಡುಗೆಯವನಿಗೆ ಬರೀ ಅಜೀರ್ಣವೆಂದು ಕ್ಯಾಪ್ಟನ್ ಹೇಳಿದಾಗ, ಅದನ್ನು ನಂಬದೆ ದೋಣಿ ಕಳಿಸಿ ಅವನನ್ನು ದಡಕ್ಕೆ ತರಿಸಿದರು. ಅಂದು ಸಂಜೆಯೇ ಆಸ್ಪತ್ರೆಯಲ್ಲಿ ಅವನ ಹೊಟ್ಟೆ ಕೊಯ್ದು ಜೀವ ಉಳಿಸಬೇಕಾಯಿತು. ಮುಂದೆ ಮಾನಸ ಎಂಬ ಹುಡುಗಿ ಬೆಂಗಳೂರಿನಿಂದ ಬಂದು ಕಚೇರಿಗೆ ಸೇರಿದಾಗ, "ಊಟ ಆಯ್ತಾ?" ಎಂದು ಕೇಳಿದರು. "ಆಯ್ತು ಮೇಡಂ" ಎಂದಳು. ರತ್ನಪ್ರಭಾ ಅವರು ಹೋಗಿ ಅವಳ ಡಬ್ಬಿಯನ್ನೇ ತೆರೆದು ನೋಡಿದರು. ಅದು ಬೆಳಗಿನಿಂದ ತೆರೆದೇ ಇರಲಿಲ್ಲ. ಊರು ನೆನೆದು ಅಳುತ್ತಿದ್ದ ಆ ಹುಡುಗಿಯನ್ನು ಅಂದಿನಿಂದ ತಿಂಗಳುಗಟ್ಟಲೆ ತಮ್ಮ ಮನೆಯಲ್ಲೇ ಉಣ್ಣಿಸಿದರು. ಅವರ ಅನುಮಾನದ ರುಚಿ ನಮ್ಮಲ್ಲಿ ಹಲವರು ಹೀಗೆ ಬಲ್ಲೆವು.

ಆದರೆ ಅದೇ ಅನುಮಾನ ಒಮ್ಮೆ ತಪ್ಪು ಮನೆಯ ಬಾಗಿಲು ತಟ್ಟಿತು.

ಹೊರ್ಮುಜ್ ಜಲಸಂಧಿಯಲ್ಲಿ ಹಡಗುಗಳಿಗೆ ಅಪಾಯವೆಂಬ ಸುದ್ದಿ ದಿನವೂ ಬರುತ್ತಿದ್ದ ಒಂದು ಬೇಸಿಗೆ ಅದು. ಜಲಸಂಧಿಯ ಒಳಗಿನ ಬಂದರುಗಳಿಗೆ ಹೋಗಲು ಹಡಗುಗಳು ಹಿಂಜರಿದಂತೆಲ್ಲ, ಅದರ ಹೊರಗಿರುವ ಸೂರಿನ ಮೇಲೆ ಅನಿಲ ಕೊಳ್ಳುವ ದೇಶಗಳ ಕಣ್ಣು ನೆಟ್ಟಿತು. ಇಲ್ಲಿ ಒಂದು ಹಡಗು ತಡವಾದರೆ ಎಲ್ಲೋ ಒಂದು ಊರು ಕತ್ತಲೆಯಲ್ಲಿ ಕೂರುತ್ತದೆ. ಆದ್ದರಿಂದ ಯಾವ ಹಡಗು ಯಾವಾಗ ಬರುತ್ತದೆಂದು ಹೊರಗೆ ಯಾರಿಗೂ ತಿಳಿಯಕೂಡದೆಂಬ ಕಟ್ಟಪ್ಪಣೆಯಾಯಿತು. ಅಪ್ಪಣೆಯನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದವರು ರತ್ನಪ್ರಭಾ ಅವರೇ. ಗಂಡ ನಂದನ್ ಅವರು ಕೋಣೆಗೆ ಬಂದರೆ ಫೋನನ್ನು ಬೋರಲು ಹಾಕುತ್ತಿದ್ದರು.

"ನನ್ ಹತ್ರಾನೂ ಗುಟ್ಟಾ?" ಎಂದು ನಂದನ್ ಕೇಳಿದರೆ, "ನಿಮ್ ಹತ್ರಾನೇ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆಗೆದ್ರೂ ಕಥೆ ಹೇಳ್ತೀರಿ," ಎಂದುಬಿಡುತ್ತಿದ್ದರು.

ಹೀಗಿರುವಾಗ ಏಜೆನ್ಸಿಯ ಭದ್ರತಾ ಅಧಿಕಾರಿ ಖಲ್ಫಾನ್, ರತ್ನಪ್ರಭಾ ಅವರನ್ನು ಕರೆಸಿದರು. ಖಲ್ಫಾನ್ ಸೂರಿನ ಹಳೆಯ ಮನೆತನದವರು. ಅಜ್ಜ ಹಾಯಿಹಡಗಿನಲ್ಲಿ ಮಂಗಳೂರಿಗೆ ಖರ್ಜೂರ ಒಯ್ದು ಹೆಂಚು ತರುತ್ತಿದ್ದವರಂತೆ.

"ಮೇಡಂ, ಹಡಗು ಬರೋ ಮೊದಲೇ ನಮ್ಮ ಗೇಟಿನ ಮುಂದೆ ಟ್ಯಾಕ್ಸಿಗಳು ಸಾಲು ನಿಂತಿರುತ್ತವೆ. ಬಟ್ಟೆ ಒಗೆಯೋನು, ಸಿಮ್ ಮಾರೋನು, ಎಲ್ಲ ಹಾಜರ್. ಅದೂ ವಾರಾಂತ್ಯದ ಹಡಗುಗಳಿಗೆ ಮಾತ್ರ. ನಿಮ್ಮ ತರಕಾರಿ ಉಮ್ಮರ್ ಇದ್ದಾನಲ್ಲ, ಅವನ ಪಿಕಪ್ಪಿನಲ್ಲಿ ಆ ದಿನಗಳಲ್ಲಿ ಕೋಸು ಹೆಚ್ಚಿರುತ್ತದೆ. ಅವನಿಗೆ ಯಾರು ಹೇಳ್ತಾರೆ?"

ಬಂಟ್ವಾಳದ ಉಮ್ಮರ್ ಸಾಹೇಬರು ಬರ್ಕಾದ ತೋಟಗಳಿಂದ ತರಕಾರಿ ತಂದು ಹಡಗುಗಳಿಗೆ ಒದಗಿಸುವವರು. ಇಲ್ಲಿ ವಾರದ ರಜೆಯಾದ ಶುಕ್ರವಾರ ನಮ್ಮ ಸಂಘ ನಡೆಸುವ ಸಹಭೋಜನಕ್ಕೆ ಬಾಳೆಲೆ ತರುವವರೂ ಅವರೇ.

"ಹತ್ತು ದಿನ ನೋಡ್ತೇನೆ," ಎಂದರು ಖಲ್ಫಾನ್. "ಆಮೇಲೆ ಅವನ ಗೇಟ್ ಪಾಸ್ ಖಲಾಸ್."

ಪಾಸ್ ಹೋದರೆ, ಉಮ್ಮರರಿಗೆ ಹೊಣೆ ನಿಂತ ಸ್ಥಳೀಯ ಮಾಲೀಕ, ಅಂದರೆ ಕಫೀಲ್, ಅವರ ವೀಸಾ ಮುಂದುವರಿಸುವುದಿಲ್ಲ. ವೀಸಾ ಹೋದರೆ ಹೆಂಡತಿ ಅವ್ವಮ್ಮನನ್ನೂ, ಇಲ್ಲಿನ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿರುವ ಮಗಳು ನುಸೈಬಾಳನ್ನೂ ಕರೆದುಕೊಂಡು ವರ್ಷದ ನಡುವೆ ವಿಮಾನ ಹತ್ತಬೇಕು. ರತ್ನಪ್ರಭಾ ಅವರಿಗೆ ಇದೆಲ್ಲ ಗೊತ್ತಿತ್ತು. ಹಾಗೆಂದು ಅನುಮಾನ ಬಿಡಲಿಲ್ಲ. ಪಿಕಪ್ಪಿನ ಬಳಿ ಹೋಗಿ ನೇರವಾಗಿ ಕೇಳಿದರು.

"ಉಮ್ಮರ್, ಹಡಗು ಬರೋದು ನಿಮಗೆ ಹ್ಯಾಗೆ ಗೊತ್ತಾಗುತ್ತೆ?"

"ಹಾಗೇ ಗೊತ್ತಾಗ್ತದೆ ಅಕ್ಕ."

"ಹಾಗೇ ಅಂದ್ರೆ?"

"ಎಂತ ಅಕ್ಕ ನೀವು, ಪೊಲೀಸರ ಹಾಗೆ! ಅಂದಾಜಿನಲ್ಲಿ ತರುದು ಮಾರಾಯ್ರೆ." ಉಮ್ಮರ್ ಮುಖ ತಿರುಗಿಸಿ ಟೊಮೇಟೊ ಪೆಟ್ಟಿಗೆ ಇಳಿಸತೊಡಗಿದರು.

ಅಷ್ಟು ಸಾಕಾಯಿತು. ಉಮ್ಮರ್ ಏನೋ ಮುಚ್ಚಿಡುತ್ತಿದ್ದಾರೆ ಎಂಬುದು ಖಚಿತವಾಯಿತು. ಯಾರನ್ನೋ ಕಾಪಾಡುತ್ತಿದ್ದಾರೆ ಎಂಬುದೂ ಹೊಳೆಯಿತು. ಯಾರನ್ನು? ಕೈಕೆಳಗಿನ ತೇಜಸ್ವಿ ಆಗಾಗ ಆ ಪಿಕಪ್ಪಿನಲ್ಲೇ ಮನೆಗೆ ಹೋಗುತ್ತಿದ್ದ. ಅವನಿಗೆ ಹಡಗುಗಳ ವೇಳಾಪಟ್ಟಿ ತೋರಿಸುವುದನ್ನು ನಿಲ್ಲಿಸಿದರು. ಮಾನಸಳ ಮೇಲೂ ಒಂದು ಕಣ್ಣಿಟ್ಟರು. ನಂದನ್ ಅವರನ್ನಂತೂ ಹಲ್ಲಿನ ಡಾಕ್ಟರ ಬಳಿ ಒಬ್ಬರನ್ನೇ ಬಿಡಲಿಲ್ಲ. ಆ ವಾರ ಅವರ ಮೇಜಿನ ಸುತ್ತ ಯಾರೂ ನಗಲಿಲ್ಲ.

ಒಂದು ಹಡಗು ಮೊದಲು ಹೇಳಿದ್ದಕ್ಕಿಂತ ಬೇಗ, ಶುಕ್ರವಾರವೇ ಬರುವುದೆಂದು ಗುರುವಾರ ತಿಳಿಯಿತು. ಹಡಗು ಬಂದರೆ ನಮ್ಮವರಲ್ಲಿ ಅರ್ಧಕ್ಕರ್ಧ ಜನ ಕೆಲಸದ ಮೇಲೆ. ಊಟಕ್ಕೆ ಕೂರುವವರು ಯಾರು? ರತ್ನಪ್ರಭಾ ಅವರು ಸಂಘದ ಅಧ್ಯಕ್ಷೆಯೂ ಆಗಿದ್ದುದರಿಂದ ಎಂದಿನಂತೆ ಸಹಭೋಜನವನ್ನು ಮುಂದಕ್ಕೆ ಹಾಕಿದರು. ಎಂದಿನಂತೆ ಉಮ್ಮರರಿಗೆ ಫೋನ್ ಮಾಡಿದರು.

"ಉಮ್ಮರ್, ಈ ಶುಕ್ರವಾರ ಎಲೆ ಬೇಡ."

ಆ ಕಡೆ ಪಿಕಪ್ಪು ನಿಂತ ಸದ್ದಾಯಿತು.

"ಅಕ್ಕ," ಎಂದರು ಉಮ್ಮರ್, "ಒಂದು ಉಪಕಾರ ಮಾಡಿ. ಇನ್ನು ಮುಂದೆ ಇದನ್ನು ನನಗೆ ಹೇಳ್ಬೇಡಿ. ನಾನು ಎಲೆ ತರ್ತೇನೆ. ನೀವು ಬೇಕಾದ್ರೆ ಆಡಿಗೆ ಹಾಕಿ. ಹೇಳ್ಬೇಡಿ."

ರತ್ನಪ್ರಭಾ ಅವರು ಫೋನ್ ಹಿಡಿದುಕೊಂಡೇ ನಿಂತರು. ಎಲೆ ಬೇಡವೆಂದರೆ ಹಡಗು ಬರುತ್ತದೆ ಎಂದರ್ಥ. ಉಮ್ಮರರಿಗೆ ಅದು ಎಂದೋ ತಿಳಿದಿತ್ತು. ಉಳಿದ ತರಕಾರಿಯ ಜೊತೆ ನಾಲ್ಕು ಕೋಸು ಹೆಚ್ಚು ತರುತ್ತಿದ್ದರು, ಅಷ್ಟೆ. ಊಟದ ಸಭಾಂಗಣದ ಕಾವಲುಗಾರನಿಗೂ, ಸಂಸಾರಗಳನ್ನು ಅಲ್ಲಿಗೆ ಕರೆತರುವ ಟ್ಯಾಕ್ಸಿಯವರಿಗೂ ಅದೇ ತಿಳಿದಿತ್ತು. ಎಲ್ಲರನ್ನೂ ಅನುಮಾನಿಸಿದ್ದ ರತ್ನಪ್ರಭಾ ಅವರು ಬಿಟ್ಟಿದ್ದುದು ಒಬ್ಬರನ್ನೇ. ಆ ಒಬ್ಬರ ಹೆಸರು ಬಾಯಿಗೆ ಬಾರದಂತೆ ಉಮ್ಮರ್ ತಮ್ಮ ಅನ್ನವನ್ನೇ ಪಣಕ್ಕಿಟ್ಟು ಸುಮ್ಮನಿದ್ದರು.

ರತ್ನಪ್ರಭಾ ಅವರು ಆಗಲೇ ಖಲ್ಫಾನ್ ಅವರ ಕೋಣೆಗೆ ಹೋದರು. "ಹೇಳಿದ್ದು ನಾನೇ," ಎಂದರು.

ಖಲ್ಫಾನ್ ನಂಬಲಿಲ್ಲ. "ನಿಮ್ಮ ದೇಶದವನನ್ನು ಉಳಿಸೋಕೆ ಹೇಳ್ತಿದ್ದೀರಿ."

ತಮ್ಮ ಮೇಲೆ ಪ್ರಯೋಗವಾದ ಈ ಅನುಮಾನವನ್ನು ರತ್ನಪ್ರಭಾ ಅವರು ಮನಸ್ಸಿನಲ್ಲೇ ಮೆಚ್ಚಿಕೊಂಡಿರಬೇಕು. "ನಂಬಬೇಡಿ," ಎಂದರು. "ಮುಂದಿನ ಶುಕ್ರವಾರ ಹಡಗಿಲ್ಲ. ಆದರೂ ಊಟ ಇಲ್ಲ ಅಂತ ಎಲ್ಲರಿಗೂ ಹೇಳ್ತೀನಿ, ಉಮ್ಮರ್ ಒಬ್ಬರನ್ನ ಬಿಟ್ಟು. ನೀವು ಗೇಟಲ್ಲಿ ನಿಂತು ನೋಡಿ."

ಹಾಗೆಯೇ ಆಯಿತು. ಹೋಳಿಗೆಗೆಂದು ಬೇಳೆ ನೆನೆಹಾಕಿದ್ದ ನಮ್ಮ ಸಂಘದ ಚಿತ್ರಾ ಅವರು ಅಂದು ಅಧ್ಯಕ್ಷೆಯನ್ನು ಬೈದ ಮಾತುಗಳು ಈ ಗ್ರಂಥಕ್ಕೆ ತಕ್ಕವಲ್ಲ. ಶುಕ್ರವಾರ ಖಾಲಿ ಕಡಲಿಗೆ ಮುಖಮಾಡಿ ಟ್ಯಾಕ್ಸಿಗಳು ಸಾಲು ನಿಂತವು; ಬಟ್ಟೆ ಒಗೆಯುವವನು ಚೀಲ ಹಿಡಿದು ಬಂದ; ಸಿಮ್ ಮಾರುವವನು ಛತ್ರಿ ಬಿಡಿಸಿದ. ಖಲ್ಫಾನ್ ನೋಡುತ್ತ ನಿಂತಿದ್ದಾಗಲೇ ರತ್ನಪ್ರಭಾ ಅವರ ಫೋನ್ ಕೂಗಿತು. ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಒತ್ತಿದರು.

"ಅಕ್ಕ, ಎಲೆ ತಂದಿದ್ದೇನೆ. ಇಲ್ಲಿ ಬಾಗಿಲು ಹಾಕಿ ಉಂಟಲ್ಲ? ಎಲ್ಲಿಗೆ ಹೋದಿರಿ ಎಲ್ಲ?"

ರತ್ನಪ್ರಭಾ ಅವರು ಆ ಮಾತನ್ನು ಖಲ್ಫಾನ್ ಅವರಿಗೆ ತಿಳಿಯುವಂತೆ ಹಿಂದಿ ಭಾಷೆಗೆ ತಿರುಗಿಸಿ ಹೇಳಿದರು. ಖಲ್ಫಾನ್ ಟ್ಯಾಕ್ಸಿಗಳ ಕಡೆ ಕೈ ತೋರಿಸಿದರು. "ಮೇಡಂ, ಗೂಢಚಾರನಾದರೆ ಹಿಡೀಬಹುದು. ಊಟ ಮಾಡೋರನ್ನ ನಾನು ಏನು ಮಾಡಲಿ?" ಎಂದರು.

ಉಮ್ಮರರ ಪಾಸ್ ಉಳಿಯಿತು. ರತ್ನಪ್ರಭಾ ಅವರಿಗೆ ಆ ವರ್ಷ ಸಿಗಬೇಕಿದ್ದ ಮ್ಯಾನೇಜರ್ ಹುದ್ದೆ ಮಾತ್ರ ಸಿಗಲಿಲ್ಲ, ಮುಂದೆಯೂ ಸಿಗಲಿಲ್ಲ. ಅವರು ಅದರ ಬಗ್ಗೆ ದೂರಿದ್ದನ್ನು ಯಾರೂ ಕೇಳಿಲ್ಲ. ತೇಜಸ್ವಿಯನ್ನು ಕರೆದು ವೇಳಾಪಟ್ಟಿಯನ್ನು ಮತ್ತೆ ಅವನ ಮುಂದಿಟ್ಟರು, "ನಿನ್ನನ್ನ ಅನುಮಾನಿಸಿದ್ದೆ ಕಣಪ್ಪ" ಎಂದರು. "ಗೊತ್ತಿತ್ತು ಮೇಡಂ, ನೀವು ಅನುಮಾನಿಸದಿದ್ರೆ ನನ್ನನ್ನ ಮರೆತೇಬಿಟ್ರೇನೋ ಅಂತ ಭಯ ಆಗ್ತಿತ್ತು," ಎಂದು ಅವನು ನಕ್ಕ.

ಅಂದಿನಿಂದ ನಮ್ಮ ಶುಕ್ರವಾರದ ಊಟ ಹಡಗು ಬರಲಿ ಬಿಡಲಿ ನಿಂತದ್ದಿಲ್ಲ. ಎಲೆಯ ಲೆಕ್ಕ ಬದಲಾದದ್ದೂ ಇಲ್ಲ. ಆದರೆ ಅವರ ಅನುಮಾನ ಅಲ್ಲಿಗೂ ನಿಲ್ಲಲಿಲ್ಲ. ಹಾಸಿದ ಎಲೆ ಖಾಲಿ ಉಳಿದರೆ ಅದನ್ನು ನೋಡಿ ಹಡಗಿನ ಸುದ್ದಿ ಊಹಿಸುವವರು ಇರಬಹುದಲ್ಲ? ಅದಕ್ಕೆ ಖಾಲಿ ಜಾಗ ಕಂಡಲ್ಲೆಲ್ಲ ಜನರನ್ನು ಕರೆತಂದು ಕೂರಿಸಿದರು. ಅವ್ವಮ್ಮ ಬಂದರು, ನುಸೈಬಾ ಬಂದಳು, ಸಭಾಂಗಣದ ಕಾವಲುಗಾರ ಬಂದ, ಟ್ಯಾಕ್ಸಿಯವರು ಬಂದರು. ಖಲ್ಫಾನ್ ತಮ್ಮ ಮಕ್ಕಳೊಡನೆ ಬಂದು, ಸಾರು ಎಲೆಯ ಅಂಚು ದಾಟದಂತೆ ಅನ್ನದ ಕಟ್ಟೆ ಕಟ್ಟುವುದನ್ನು ಕಲಿತರು. ಕನ್ನಡಿಗರ ಚಿಕ್ಕ ಪಂಕ್ತಿಯೊಂದು ಊರಿನ ಪಂಕ್ತಿಯಾದದ್ದು ಹೀಗೆ. ಭದ್ರತೆಯ ಕ್ರಮವಾಗಿ ಆರಂಭವಾದದ್ದೆಂದು ರತ್ನಪ್ರಭಾ ಅವರು ಇಂದಿಗೂ ಹೇಳುತ್ತಾರೆ. ಈ ಒಂದು ವಿಷಯದಲ್ಲಿ ಅವರ ಮಾತನ್ನು ನಾವು ನಂಬುವುದಿಲ್ಲ.

ಈ ಗ್ರಂಥ ಅವರ ಕೈಸೇರುವುದೂ ಒಂದು ಶುಕ್ರವಾರವೇ. ಅಂದು ಹಡಗು ಬರುತ್ತದೆಯೋ ಇಲ್ಲವೋ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಅವರಿಗೂ ಯಾರೂ ಹೇಳುವುದಿಲ್ಲ. ಅವರು ಪಂಕ್ತಿಯ ಉದ್ದಕ್ಕೂ ಕಣ್ಣು ಹಾಯಿಸಿ ಯಾರು ಬಂದಿಲ್ಲವೆಂದು ಹುಡುಕುತ್ತಾರೆ, ಹುಡುಕಲಿ. ನಂದನ್ ಅವರೊಡನೆ ಅವರು ಆರೋಗ್ಯದಿಂದ ನೂರು ಕಾಲ ಬಾಳಲಿ, ಇನ್ನೂ ಎಷ್ಟೋ ಹೊಸಬರ ಡಬ್ಬಿಗಳನ್ನು ತೆರೆದು ನೋಡಲಿ, "ಊಟ ಆಯ್ತಾ?" ಎಂದು ನಮ್ಮನ್ನು ಕೇಳಿ, "ಆಯ್ತು" ಎಂದರೆ ನಂಬದಿರಲಿ. ಬರ್ಕಾದಿಂದ ಉಮ್ಮರ್ ಸಾಹೇಬರು ಆಗಲೇ ಹೊರಟಿದ್ದಾರೆ. ಎಲೆ ಎಷ್ಟು ಬೇಕೆಂದು ಅವರು ಈಗ ಕೇಳುವುದನ್ನೇ ಬಿಟ್ಟಿದ್ದಾರೆ.