ಕತ್ತರಿಸಿದ ಕಾಯಿಲಿನ ಲೆಕ್ಕ

ಕರೆಂಟ್ ಒಲೆಯ ಹೊಸ ಕಾಯಿಲಿಗೆ, ಅಂದರೆ ಅದರ ಸುರುಳಿ ತಂತಿಗೆ, ಮೊದಲ ಸಲ ಕರೆಂಟ್ ಕೊಟ್ಟಾಗ ಒಂದು ವಾಸನೆ ಏಳುತ್ತದೆ. ಕಾದ ಮಣ್ಣು, ಸುಟ್ಟ ಧೂಳು... ನಿನ್ನೆ ಹಲಗೇರಿಯವರೊಬ್ಬರ ಕರೆಂಟ್ ಒಲೆ ಪರೀಕ್ಷಿಸುವಾಗ ಆ ವಾಸನೆ ಬಂತು. ಬಾಜೂ ಮನೆಯ ಕಾಕಾ ನೆನಪಾದರು. ಅವರು ತೀರಿಕೊಂಡು ಎರಡು ತಿಂಗಳಾಯಿತು.

ಕಾಕಾ ಬ್ಯಾಡಗಿಯ ಖಾರದಪುಡಿ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ನಿವೃತ್ತರಾದ ಮೇಲೂ ಮಾತಿನ ನಡುವೆ ಸೀನುತ್ತಿದ್ದರು. ರಾಣೆಬೆನ್ನೂರಿನಲ್ಲಿ ನನ್ನ ಗಂಡ ಒಲೆ, ಇಸ್ತ್ರಿಪೆಟ್ಟಿಗೆ ರಿಪೇರಿಯ ಸಣ್ಣ ಅಂಗಡಿ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚಲು ನನಗೆ ಮನಸ್ಸಾಗಲಿಲ್ಲ. ಅವರ ಕೆಲಸವನ್ನು ನೋಡಿದ್ದೆ, ಕಲಿತಿರಲಿಲ್ಲ.

ಮೊದಲು ಬಂದದ್ದು ನಮ್ಮ ಓಣಿಯ ಚಹಾ ಅಂಗಡಿ ಅಕ್ಕನ ಒಲೆ. ಕಾಯಿಲಿನ ತುದಿ ಸುಟ್ಟಿತ್ತು. ಹೊಸದು ಯಾಕೆ ಎಂದು ಸುಟ್ಟಷ್ಟನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಜೋಡಿಸಿದೆ. ತಂತಿ ಕಡಿಮೆಯಾದರೆ ಶಾಖವೂ ಕಡಿಮೆಯಾದೀತು ಎಂದುಕೊಂಡಿದ್ದೆ. ಮೂರನೆಯ ದಿನ ಅಕ್ಕ ಒಲೆಯನ್ನೂ ಕರಗಿದ ಪ್ಲಗ್ಗನ್ನೂ ತಂದು ಮುಂದಿಟ್ಟಳು.

"ಇದು ನಿನ್ನ ಕೈಲಿ ಆಗೂ ಕೆಲಸ ಅಲ್ಲ ಬಿಡವ್ವ. ಓಣ್ಯಾಗ ಎಲ್ಲಾರ್ಗೂ ಹೇಳ್ತೇನಿ, ಇಲ್ಲಿ ಕೊಡಬ್ಯಾಡ್ರಿ ಅಂತ."

ಆಕೆ ಹೇಳಿದ್ದರೆ ಅಂಗಡಿ ಅಂದೇ ಮುಚ್ಚುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ಎದ್ದು ಬಂದರು.

"ತಪ್ಪು ಆಗೈತಿ, ಖರೇ. ಯಾಕ ಆತು ಅಂತ ಆಕೀನ ಹೇಳ್ತಾಳ. ಕುಂದ್ರಿ."

ನನಗೇ ಗೊತ್ತಿರಲಿಲ್ಲ. ಕಾಕಾ ಮೀಟರ್ ಹಿಡಿದು ಅಂಕಿಗಳನ್ನು ಮಾತ್ರ ಓದಿದರು. ಅದೇ ನಮೂನೆಯ ಹೊಸ ಕಾಯಿಲು: ಇನ್ನೂರಿಪ್ಪತ್ತು ವೋಲ್ಟು, ಐದು ಆಂಪ್. ನಾನು ಜೋಡಿಸಿದ್ದು: ಅದೇ ವೋಲ್ಟು, ಆರು ಆಂಪ್.

"ವೋಲ್ಟನ್ನ ಆಂಪಿನಿಂದ ಭಾಗಿಸು, ಕಾಯಿಲು ಕರೆಂಟಿಗೆ ಒಡ್ಡೂ ಅಡ್ಡಿ ಎಷ್ಟು ಅಂತ ತಿಳೀತೈತಿ. ಎರಡನ್ನೂ ಗುಣಿಸು, ಎಷ್ಟು ವ್ಯಾಟ್ ಉರೀತೈತಿ ಅಂತ ಗೊತ್ತಾಗ್ತೈತಿ."

ರಟ್ಟಿನ ಮೇಲೆ ಬರೆದೆ. ಹೊಸದರ ಅಡ್ಡಿ ನಲವತ್ತನಾಲ್ಕು ಓಮ್, ಸಾವಿರದ ನೂರು ವ್ಯಾಟ್. ನನ್ನದು ಮೂವತ್ತೇಳು ಓಮಿಗೂ ಸ್ವಲ್ಪ ಕಡಿಮೆ, ಸಾವಿರದ ಮುನ್ನೂರಿಪ್ಪತ್ತು ವ್ಯಾಟ್. ಬರೆಯುತ್ತಾ ಹೋದಂತೆ ತಿಳಿಯಿತು. ಆರರಲ್ಲಿ ಒಂದು ಪಾಲು ಕತ್ತರಿಸಿದ್ದೆ. ಅಡ್ಡಿ ಇಳಿದಿತ್ತು, ಕರೆಂಟ್ ಹೆಚ್ಚು ಹರಿದಿತ್ತು, ಹಳೆಯ ಪ್ಲಗ್ ತಾಳಿರಲಿಲ್ಲ. ಅಕ್ಕನಿಗೆ ಅದನ್ನೇ ಹೇಳಿದೆ.

ಅಕ್ಕ ರಟ್ಟನ್ನು ತಿರುಗಿಸಿ ನೋಡಿದಳು. "ಅರ್ಧಾ ಕತ್ತರಿಸಿದ್ದಿ ಅಂದ್ರ ನನ್ನ ಅಂಗಡೀನ ಕುದೀತಿತ್ತಲ್ಲವ್ವ," ಎಂದಳು. ಆಮೇಲೆ, "ಹೊಸಾದು ಹಾಕು. ಸಂಜಿಗೆ ಬರ್ತೇನಿ," ಎಂದು ಹೋದಳು.

ಹೊಸ ಕಾಯಿಲನ್ನು ಕಾಕಾ ತಾವೇ ಹಾಕಿಕೊಡಬಹುದಿತ್ತು. ತಂತಿ ಹಿಡಿದು ತಿರುಚುವ ಪಕ್ಕಡನ್ನು ನನ್ನ ಕೈಯಲ್ಲಿಟ್ಟು, ಕುಳಿತು ನೋಡಿದರು. ನಡುವೆ ಎರಡು ಸಲ ಸೀನಿದರು... ಅವರು ಅಂದು ನನ್ನ ಪರವಾಗಿ ಮಾತಾಡಿ ಅಕ್ಕನನ್ನು ಕಳಿಸಿಬಿಟ್ಟಿದ್ದರೆ ನಾನು ಏನೂ ಕಲಿಯುತ್ತಿರಲಿಲ್ಲ. ಅದಕ್ಕಾಗಿ ಅವರಿಗೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಅಂಗಡಿ ನಡೆಯುತ್ತಿದೆ. ಒಲೆ, ಇಸ್ತ್ರಿ, ನೀರು ಕಾಯಿಸುವ ರಾಡು, ಯಾವುದು ಬಂದರೂ ಅಳೆದು, ಲೆಕ್ಕ ಮಾಡಿಯೇ ಕೊಡುತ್ತೇನೆ. ಮೋಟಾರಿಗೆ ಈ ಲೆಕ್ಕ ಹೀಗೇ ನಡೆಯುವುದಿಲ್ಲ, ಅದು ಬೇರೆ, ಅದನ್ನೂ ಹೇಳಿಕೊಡುತ್ತೇನೆ ಎಂದಿದ್ದರು ಕಾಕಾ. ಅಷ್ಟರಲ್ಲಿ ಮಲಗಿದರು, ಮತ್ತೆ ಏಳಲಿಲ್ಲ.

ಮೋಟಾರು ತಂದವರನ್ನು ನಾನು ಇನ್ನೂ ಬೇರೆ ಅಂಗಡಿಗೆ ಕಳಿಸುತ್ತೇನೆ.