ಜೀನ್ಸ್ ಬಟ್ಟೆಯ ಬ್ರೇಕು

ಐವತ್ತೆರಡು ವರ್ಷದ ಗಂಡಸಿನ ಕೈಯಲ್ಲಿ ಆಟದ ಲಾರಿ ಕಂಡರೆ ಜನ ಕೇಳುವ ಮೊದಲ ಪ್ರಶ್ನೆ, ‘ಮೊಮ್ಮಗನಿಗಾ?’ ನಾನು ಸುಳ್ಳು ಹೇಳುವುದಿಲ್ಲ. ಅದು ನನ್ನದೇ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಮಷೀನು ಮೆಕ್ಯಾನಿಕ್ಕಾಗಿದ್ದಾಗ ಜೊತೆಗಾರನೊಬ್ಬನಿಂದ ಕೊಂಡದ್ದು. ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡುಗಳಿಗೆ ವಾಪಸ್ಸು ಬಂದಾಗ ನನ್ನ ಜೊತೆ ಅದೂ ಬಂತು. ಮೊಳದುದ್ದದ ಲಾರಿ, ಒಳಗೆ ನಿಜವಾದ ಪೆಟ್ರೋಲ್ ಇಂಜಿನ್ನು. ಕೈಯಲ್ಲಿ ರಿಮೋಟು ಹಿಡಿದು ನಿಂತರೆ ಒಂದು ಫರ್ಲಾಂಗು ದೂರದವರೆಗೆ ನಾನೇ ರಾಜ.

ಓಡುವುದರಲ್ಲಿ ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ನಿಲ್ಲುವುದು ಮಾತ್ರ ಬರುತ್ತಿರಲಿಲ್ಲ. ರಿಮೋಟಿನ ಗುಂಡಿಯನ್ನು ಮುಂದಕ್ಕೆ ತಳ್ಳಿದರೆ ಲಾರಿಯೊಳಗೆ ಸಣ್ಣ ಕಡ್ಡಿಯೊಂದು ಎಳೆದುಕೊಂಡು, ತಿರುಗುವ ಬಿಲ್ಲೆಯನ್ನು ಎರಡು ಪ್ಯಾಡುಗಳು ಅಮುಕಿ ಹಿಡಿಯಬೇಕು. ಪ್ಯಾಡುಗಳು ಸವೆದು ಹಪ್ಪಳವಾಗಿದ್ದವು. ನಾನು ಬ್ರೇಕು ಹಾಕುತ್ತಿದ್ದೆ. ಲಾರಿ ತನಗೆ ತೋಚಿದಾಗ, ಹೆಚ್ಚಾಗಿ ಪಕ್ಕದ ಮನೆಯ ಎಮ್ಮೆಯ ಕಾಲಿಗೆ ತಾಗಿ, ನಿಲ್ಲುತ್ತಿತ್ತು.

ಇದನ್ನು ನಾನು ಸಹಿಸುವುದು ಹೇಗೆ? ನನ್ನ ಅನ್ನವೇ ಬ್ರೇಕಿನದು. ಹೊಲಿಗೆ ಯಂತ್ರ ಎಷ್ಟು ಜೋರಾಗಿ ಓಡುತ್ತದೆಂದು ಶೆಡ್ಡಿನ ಮಾಲೀಕರು ಕೇಳುತ್ತಾರೆ. ಹೊಲಿಯುವ ಹೆಣ್ಣುಮಕ್ಕಳು ಕೇಳುವುದು ಬೇರೆ: ಕಾಲು ಸಡಿಲಿಸಿದ ಕೂಡಲೇ ಸೂಜಿ ನಿಲ್ಲುತ್ತದೋ ಇಲ್ಲವೋ. ಒಂದು ಹೊಲಿಗೆ ಹೆಚ್ಚಾದರೆ ಜೇಬು ಸೊಟ್ಟ, ಇನ್ನೊಂದು ಹೆಚ್ಚಾದರೆ ಬೆರಳು. ಹಾಗಾಗಿ ನಮ್ಮಲ್ಲೊಂದು ಪದ್ಧತಿಯಿದೆ. ಮೋಟರಿನ ಬ್ರೇಕು ಬಿಗಿ ಮಾಡಿಕೊಟ್ಟ ಮೇಲೆ ಹೊಲಿಯುವಾಕೆ ನೇರವಾಗಿ ಪ್ಯಾಂಟಿಗೆ ಕೈ ಹಾಕುವಂತಿಲ್ಲ. ಮೊದಲು ತುಂಡು ಬಟ್ಟೆಯ ಮೇಲೆ ಹತ್ತು ಸಾಲು ಹೊಲಿಯಬೇಕು. ಮಷೀನಿಗೆ ಹೊಸ ಬ್ರೇಕು ಬಂದದ್ದು ಕಾಲಿಗೆ ಗೊತ್ತಾಗಲು ಅಷ್ಟು ಹೊತ್ತು ಬೇಕು. ಮಾಲೀಕ ಎಷ್ಟೇ ಗೊಣಗಲಿ, ಆ ಹತ್ತು ಸಾಲನ್ನು ನಾನು ಬಿಟ್ಟುಕೊಟ್ಟವನಲ್ಲ.

ಇಷ್ಟೆಲ್ಲ ತಿಳಿದವನು ಲಾರಿಗೆ ಏನು ಮಾಡಿದೆ ನೋಡಿ. ಊರ ತುಂಬ ಜೀನ್ಸ್ ಚೂರು ಬಿದ್ದಿರುವಾಗ ಅಂಗಡಿಯ ಪ್ಯಾಡು ಯಾಕೆ ಎಂದು ಹೊಸ ಬಟ್ಟೆಯನ್ನೇ ದುಂಡಗೆ ಕತ್ತರಿಸಿ, ನಾಲ್ಕು ಪದರ ಹೊಲಿದು ಅಂಟಿಸಿದೆ. ಮೊದಲ ಸಲ ಬ್ರೇಕು ಹಾಕಿದಾಗ ಲಾರಿ ಗಕ್ಕನೆ ನಿಂತಿತು. ನಾನು ಮೀಸೆ ತಿರುವಿದೆ. ಆದರೆ ಆಮೇಲೆ ಅದು ಹೊರಡಲೇ ಇಲ್ಲ. ಪ್ಯಾಡು ಬಿಸಿಯಾಗಿ ಬಿಲ್ಲೆಗೆ ಕಚ್ಚಿಕೊಂಡಿತ್ತು. ಇಪ್ಪತ್ತು ವರ್ಷದಿಂದ ಜೀನ್ಸ್ ಹೊಲಿಯುತ್ತಿರುವ ನನ್ನ ಹೆಂಡತಿ ಸುವರ್ಣ ಬಂದು ಒಮ್ಮೆ ಮೂಸಿ ನೋಡಿದಳು.

“ಒಗೀಲಾರ್ದ ಬಟ್ಟಿ ಹಾಕೀರೇನ್ರಿ? ಗಂಜಿ ಹಂಗೇ ಐತಲ್ರಿ ಇದ್ರಾಗ!”

ರಾಯದುರ್ಗದಲ್ಲಿ ಕೂತು ಜೀನ್ಸಿನ ಗಂಜಿ ಮರೆತವನನ್ನು ಏನೆಂದು ಕರೆಯಬೇಕೋ ಹಾಗೇ ಅವಳು ಕರೆದಳು. ನನ್ನದೇ ಹಳೆಯ ಪ್ಯಾಂಟಿನ ಮೊಣಕಾಲಿನಿಂದ ಎರಡನೇ ಜೊತೆ ಪ್ಯಾಡು ತಯಾರಾಯಿತು. ಅದರ ಹಿಡಿತ ಅದ್ಭುತ. ಕಡ್ಡಿಯ ತಿರುಪನ್ನು ಕೊನೆಯವರೆಗೆ ಬಿಗಿದು, ಲಾರಿಯನ್ನು ಚೀಲಕ್ಕೆ ಹಾಕಿಕೊಂಡು ಮಡಕಶಿರದ ಬಸ್ಸು ಹತ್ತಿದೆ.

ಹೋಗಿದ್ದು ಲಾರಿ ತೋರಿಸಲಲ್ಲ. ಭಾವನಿಗೆ ನಾಲ್ಕು ಮಾತು ಹೇಳೆಂದು ಅಕ್ಕ ಕರೆಸಿಕೊಂಡಿದ್ದಳು. ಭಾವ ಹಿಂದೂಪುರದ ಗಾರ್ಮೆಂಟ್ಸಿಗೆ ಹೆಣ್ಣುಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದವರು. ಆರು ತಿಂಗಳ ಹಿಂದೆ ಕರುವೊಂದು ಅಡ್ಡ ಬಂದು, ಅವರು ಬ್ರೇಕು ಒತ್ತಿ, ಹಿಂದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಲಕ್ಷ್ಮಕ್ಕ ಎಂಬಾಕೆಯ ತೋಳು ಮುರಿಯಿತು. ಯಾರೂ ಭಾವನನ್ನು ಬೈಯಲಿಲ್ಲ, ಆದರೂ ಅವತ್ತೇ ಕೀಲಿ ಹಿಂದಿರುಗಿಸಿದರು. ಮತ್ತೆ ಬರುತ್ತೀರೋ ಇಲ್ಲವೋ, ಹೇಳಿಬಿಡಿ ಎಂದು ಕೇಳಲು ವ್ಯಾನಿನ ಓನರ್ ನಾನು ಹೋದ ಮರುದಿನ ಬರುವವನಿದ್ದ. ಇಲ್ಲವೆಂದರೆ ಬೇರೆ ಡ್ರೈವರ್. ಜಗಲಿಯ ಮೇಲೆ ಕೂತ ಭಾವನ ಬಲಗಾಲು, ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ನೆಲವನ್ನು ಒತ್ತುವುದನ್ನು ನೋಡಿ ನನಗೆ ಸಂಕಟವಾಯಿತು. ಇವರು ಓಡಿಸದೆ ಬದುಕುವ ಮನುಷ್ಯರಲ್ಲ.

ಬುದ್ಧಿಮಾತು ಬದಿಗಿಟ್ಟೆ. ಲಾರಿ ತೆಗೆದೆ. ಭಾವನನ್ನೂ ಕರೆದುಕೊಂಡು ಹೋಗಿ, ಊರ ಬೆಟ್ಟದ ಬುಡದ ಇಳಿಜಾರಿನಲ್ಲಿ ಬಿಟ್ಟು, ಗತ್ತಿನಿಂದ ಬ್ರೇಕು ಹಾಕಿದೆ. ಲಾರಿ ಮೂತಿ ಊರಿ ಪಲ್ಟಿ ಹೊಡೆಯಿತು. ಎರಡನೇ ಸಲವೂ ಪಲ್ಟಿ.

“ಕೊಡು ಇಲ್ಲಿ,” ಅಂದರು ಭಾವ.

ನನ್ನ ಚೀಲದಲ್ಲಿದ್ದ ನೂಲಿನ ರೀಲುಗಳನ್ನು ಲಾರಿಯ ಮೇಲೆ ಒಂದೊಂದಾಗಿ ನೆಟ್ಟಗೆ ನಿಲ್ಲಿಸಿದರು. ಕೆಂಪು ರೀಲನ್ನು ಎಡಮೂಲೆಗೆ ಇಟ್ಟು, “ಇದು ಲಕ್ಷ್ಮಕ್ಕ,” ಅಂದರು. ಬ್ರೇಕು ಹಾಕಿದರು. ಎಲ್ಲ ಉರುಳಿದವು. ತಿರುಪು ಅರ್ಧ ಸುತ್ತು ಸಡಿಲಿಸಿದರು, ಮತ್ತೆ ಉರುಳಿದವು. ಹಾಗೇ ಸಡಿಲಿಸುತ್ತ, ಓಡಿಸುತ್ತ, ಕಡೆಗೆ ರೀಲುಗಳು ಒಮ್ಮೆ ತಲೆದೂಗಿ ನಿಂತವು. ಲಾರಿ ಮಾತ್ರ ಬಹಳ ಮುಂದೆ ಹೋಗಿ ನಿಂತಿತ್ತು.

“ಇಷ್ಟು ದೂರ ಹೋಗಿ ನಿಂತ್ರ ಅದೇನ್ ಬ್ರೇಕ್ರೀ ಭಾವ?” ಅಂದೆ. ಮೆಕ್ಯಾನಿಕ್ಕನ ಮರ್ಯಾದೆಯ ಪ್ರಶ್ನೆ.

“ಮುಂಚೇನೇ ನೋಡ್ಕಂಡು ಮುಂಚೇನೇ ಒತ್ತಬೇಕು ಕಣಪ್ಪ. ಹಿಂದೆ ಜನ ಇರ್ತಾರೆ.” ಕೆಂಪು ರೀಲನ್ನು ಕೈಗೆತ್ತಿಕೊಂಡು ಹೇಳಿದರು: “ಅವತ್ತು ಬೆಳಿಗ್ಗೇನೇ ಓನರ್ ಬ್ರೇಕಿಗೆ ಹೊಸ ಲೈನಿಂಗ್ ಹಾಕ್ಸಿದ್ದ. ನಾನು ಹಳೇ ಬ್ರೇಕು ಅಂತ್ಲೇ ಜೋರಾಗಿ ತುಳಿದುಬಿಟ್ಟೆ.”

ಆರು ತಿಂಗಳು ಈ ಮನುಷ್ಯ ತನ್ನ ಕಾಲನ್ನೇ ದೂರುತ್ತ ಕೂತಿದ್ದರಲ್ಲ ಎಂದು ನನಗೆ ಅಳುವೇ ಬಂತು. ಅಳುವ ಬದಲು ಗದರಿದೆ.

“ತುಂಡು ಬಟ್ಟಿ ಹೊಲೀಲಾರ್ದ ಪ್ಯಾಂಟಿಗೆ ಯಾಕ ಕೈ ಹಾಕಿದ್ರಿ ಭಾವ?”

ಅವರಿಗೆ ಅರ್ಥವಾಗಲಿಲ್ಲ. ನಮ್ಮ ಶೆಡ್ಡಿನ ಹತ್ತು ಸಾಲಿನ ಪದ್ಧತಿಯನ್ನು ವಿವರಿಸಿದೆ. ಇಡೀ ಹೊತ್ತು ಕೆಂಪು ರೀಲನ್ನು ಅಂಗೈಯಲ್ಲಿ ಉರುಳಿಸುತ್ತ ಕೇಳಿಸಿಕೊಂಡರು.

ಮರುದಿನ ಓನರ್ ಬಂದಾಗ ಭಾವ ಒಂದೇ ಷರತ್ತು ಹಾಕಿದರು: “ಮೊದಲ ದಿನ ಖಾಲಿ ಗಾಡಿ ಓಡಿಸ್ತೀನಿ. ಆಮೇಲೆ ಜನ.” ಆತ ಗೊಣಗುತ್ತಲೇ ಕೀಲಿ ಕೊಟ್ಟ. ಖಾಲಿ ವ್ಯಾನೆಂದರೆ ಪೂರಾ ಖಾಲಿಯಲ್ಲ, ಹಿಂದಿನ ಸೀಟಿನಲ್ಲಿ ನಾನಿದ್ದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಿಂದೂಪುರದ ರಸ್ತೆಯಲ್ಲಿ ಹೋಗುತ್ತ, ನಿಲ್ಲುತ್ತ, ಹೋಗುತ್ತ, ನನ್ನ ಹಣೆ ಮುಂದಿನ ಸೀಟಿಗೆ ಮೂರು ಸಲ ಬಡಿಯಿತು. ನಾಲ್ಕನೆಯ ಸಲ ಬಡಿಯಲಿಲ್ಲ.

ನಾನು ಊರಿಗೆ ಮರಳಿದ ಮೇಲೆ ಅಕ್ಕ ಫೋನು ಮಾಡಿದಳು. ಎಲ್ಲರಿಗಿಂತ ಮೊದಲು ಲಕ್ಷ್ಮಕ್ಕನೇ ವ್ಯಾನು ಹತ್ತಿ, ಅದೇ ಎಡಮೂಲೆಯ ಸೀಟಿನಲ್ಲಿ ಕೂತಳಂತೆ. ಊರು ದಾಟುವಷ್ಟರಲ್ಲಿ ಗೊರಕೆ. ಹಿಂದೂಪುರದ ಗೇಟಿನಲ್ಲಿ ಎಲ್ಲರೂ ಇಳಿದ ಮೇಲೆ ಭಾವನೇ ಹೋಗಿ ಎಬ್ಬಿಸಬೇಕಾಯಿತಂತೆ. ಗಾಡಿ ನಿಂತಿದ್ದು ಆಕೆಗೆ ಗೊತ್ತೇ ಆಗಿರಲಿಲ್ಲ.