ಅರಿಶಿನ ಹಚ್ಚಿಸಿಕೊಂಡ ಲೇಸರ್

ಉಡುಪಿ ಕಡೆಯವರಾದ ನಮ್ಮ ಕಂಪನಿಯ ಧಣಿಗಳಿಗೆ ಎರಡು ವಸ್ತುಗಳ ಮೇಲೆ ಅಪಾರ ನಂಬಿಕೆ: ವಿದೇಶದ ಯಂತ್ರ ಮತ್ತು ಊರಿನ ಅರಿಶಿನ. ಇವೆರಡೂ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಉದ್ಯೋಗವಾಗಿತ್ತು. ನಾನು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಧಾರವಾಡದಿಂದ ದುಬೈಗೆ ಬಂದವಳು. ನೇಮಕಾತಿಯ ಪತ್ರದಲ್ಲಿ ಅರಿಶಿನದ ಪ್ರಸ್ತಾಪ ಇರಲಿಲ್ಲ.

ದುಬೈನ ಅಲ್ ಕೂಜ್‌ನ ಒಂದು ಗೋದಾಮಿನ ಮಾಳಿಗೆಯಲ್ಲಿ ನಮ್ಮ ಕಚೇರಿ. ನಾವು ಮಾರಲು ಹೊರಟಿದ್ದ ಯಂತ್ರ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಲೇಸರ್ ಬೆಳಕಿನಿಂದ ಹಿಡಿಯುವಂಥದ್ದು. ಬೀಜಾಣು ಎಂದರೆ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲಕ್ಕೆಂದು ತೊಡುವ ವೇಷ. ಒಣಗಿಸಿದರೂ ಸಾಯದು, ಕುದಿಸಿದರೂ ಸಾಯದು, ಕಾಲ ಕೂಡಿ ಬಂದಾಗ ಎದ್ದು ಸಂಸಾರ ಹೂಡುತ್ತದೆ. ಗಲ್ಫಿನಲ್ಲಿ ಬಹಳ ವರ್ಷ ಇದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪುಡಿಯ ಕಣದ ಮೇಲೆ ಲೇಸರ್ ಬಿಟ್ಟರೆ, ಚದುರಿ ಬರುವ ಬೆಳಕಿನಲ್ಲಿ ಆ ಕಣದ ರಾಸಾಯನಿಕ ಗುರುತು ಇರುತ್ತದೆ. ಬೀಜಾಣುವಿನ ಹೊಟ್ಟೆಯೊಳಗೆ ಒಂದು ವಿಶೇಷ ಕ್ಯಾಲ್ಸಿಯಂ ಲವಣವಿದೆ. ಅದರ ಗೆರೆ ಪರದೆಯ ಮೇಲೆ ಎದ್ದಿತೆಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ತಟ್ಟೆಯಲ್ಲಿ ಬೆಳೆಸಿ ನೋಡುವ ಹಳೆಯ ಪರೀಕ್ಷೆಗೆ ದಿನಗಳೇ ಬೇಕು. ಇದಕ್ಕೆ ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು.

ಇಷ್ಟು ಒಳ್ಳೆಯ ಯಂತ್ರವನ್ನು ಯಾರೂ ಕೊಂಡಿರಲಿಲ್ಲ. ಮುಸಫ್ಫಾ ಎಂಬ ಕೈಗಾರಿಕಾ ಪ್ರದೇಶದ ಒಂದು ಮಸಾಲೆ ಪುಡಿ ಕಾರ್ಖಾನೆ ಮಾತ್ರ ತಂದು ತೋರಿಸಿ ಎಂದಿತ್ತು. ಅದೂ ಕೈತಪ್ಪಿದರೆ ಈ ವಿಭಾಗ ಖಲಾಸ್, ನನ್ನ ವೀಸಾ ಕ್ಯಾನ್ಸಲ್ ಎಂದು ಧಣಿಗಳು ಮೊದಲೇ ಹೇಳಿದ್ದರು. ನನ್ನ ಗಂಡನ ಕೆಲಸ ಆಗಲೇ ಹೋಗಿತ್ತು. ಅವರ ವೀಸಾ, ಮಗಳ ವೀಸಾ ಎರಡೂ ನನ್ನದರ ಬಾಲ ಹಿಡಿದುಕೊಂಡು ನಿಂತಿದ್ದವು. ಮಗಳು ಹತ್ತನೇ ತರಗತಿ. ನಡುವರ್ಷದಲ್ಲಿ ಅವಳನ್ನು ಶಾಲೆಯಿಂದ ಎಬ್ಬಿಸಿಕೊಂಡು ಊರಿಗೆ ಹೋಗಬೇಕಾದರೆ ಎಂಬ ಚಿಂತೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಮುಸಫ್ಫಾಕ್ಕೆ ಹೋಗುವ ಹಿಂದಿನ ದಿನವೇ ಆಯುಧಪೂಜೆ. ಕಟ್ಟಡದಲ್ಲಿ ಹೊಗೆಯಾದರೆ ಅಲಾರಂ ಕೂಗಿಕೊಳ್ಳುತ್ತದೆ, ಆದ್ದರಿಂದ ಕರ್ಪೂರವಿಲ್ಲ, ಊದುಬತ್ತಿಯಿಲ್ಲ. ಬ್ಯಾಟರಿ ದೀಪದಲ್ಲಿ ಆರತಿ. ಹೂವು ಪ್ಲಾಸ್ಟಿಕ್ಕಿನದು. ಮಂತ್ರ ಮೊಬೈಲಿನದು. ಅಸಲಿ ಎನ್ನುವಂಥದ್ದು ಅಲ್ಲಿ ಅರಿಶಿನ ಒಂದೇ, ಧಣಿಗಳ ತಾಯಿ ಊರಿನಲ್ಲಿ ಪುಡಿ ಮಾಡಿಸಿ ಕಳಿಸಿದ್ದು.

“ಸರ್, ಅದಕ್ಕ ಅರಿಶಿಣ ಹಚ್ಚಬ್ಯಾಡ್ರಿ. ಅದು ಲೇಸರ್ ಐತ್ರಿ, ಮುತ್ತೈದಿ ಅಲ್ಲ,” ಎಂದೆ.

“ಎಂತ ಮೇಡಂ ನೀವು! ಲಾರಿಗೆ ಹಚ್ಚುದಿಲ್ವಾ? ಇದು ಲಾರಿಗಿಂತ ಜಾಸ್ತಿ ದುಡ್ಡಿನ ಸಾಮಾನು ಮಾರಾಯ್ರೆ,” ಎನ್ನುತ್ತ ಅವರು ಮುಚ್ಚಳದ ಮೇಲೆ ಬೊಟ್ಟು ಇಟ್ಟೇ ಇಟ್ಟರು.

ಮರುದಿನ ಬೆಳಿಗ್ಗೆ ಬೇಗ ಹೋಗಿ ಸ್ಪಿರಿಟ್ ಹಾಕಿ ಎಲ್ಲವನ್ನೂ ಒರೆಸಿದೆ. ಯಂತ್ರ ಕಾರಿಗೆ ಹೋಯಿತು, ನಾವೂ ಹೊರಟೆವು. ಆದರೆ ಅದಕ್ಕೂ ಮೊದಲು, ನಾನು ಲಿಫ್ಟ್ ಹಿಡಿಯಲು ಹೋದ ಗಳಿಗೆಯಲ್ಲಿ ಧಣಿಗಳು, ಶುಭಕಾರ್ಯಕ್ಕೆ ಹೊರಟಿದ್ದನ್ನು ಬೋಳು ಹಣೆಯಲ್ಲಿ ಕಳಿಸಬಾರದೆಂದು, ಮತ್ತೊಮ್ಮೆ ಅರಿಶಿನ ಹಚ್ಚಿದ್ದರು. ಈ ಸಲ ನನಗೆ ಕಾಣದಿರಲಿ ಎಂದು ಮುಚ್ಚಳದ ಒಳಮೈಗೆ.

ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಮುಖ್ಯಸ್ಥೆ ಈಜಿಪ್ಟಿನ ಒಬ್ಬ ಹೆಂಗಸು. ನಗುಮುಖ, ಚುರುಕು ಕಣ್ಣು. ಮೊದಲು ಏನೂ ಇಲ್ಲದ ಬರೀ ಗಾಜನ್ನು ಇಟ್ಟು, ಯಂತ್ರ ಸುಮ್ಮನೆ ಕೆಂಪು ದೀಪ ಹೊತ್ತಿಸುವುದಿಲ್ಲ ಎಂದು ತೋರಿಸುವುದು ನಮ್ಮ ಕ್ರಮ. ಗಾಜು ಇಟ್ಟೆ, ಮುಚ್ಚಳ ಹಾಕಿದೆ, ಗುಂಡಿ ಒತ್ತಿದೆ. ಕೆಂಪು ದೀಪ ಹೊತ್ತಿತು: ಬೀಜಾಣು ಇದೆ! ಗಾಜು ಬದಲಿಸಿದೆ. ಮತ್ತೆ ಕೆಂಪು. ನನ್ನ ಕಣ್ಣ ಮುಂದೆ ಮಗಳ ಶಾಲೆಯ ಬಸ್ಸು ನಮ್ಮನ್ನು ಬಿಟ್ಟು ಹೋದಂತಾಯಿತು.

ಮುಚ್ಚಳ ತೆಗೆದು ತಿರುಗಿಸಿ ನೋಡಿದರೆ ನಟ್ಟನಡುವೆ ಹಳದಿ ಬೊಟ್ಟು. ಒಣಗಿದ ಅರಿಶಿನ ಗಾಜಿನ ಮೇಲೆ ಸಣ್ಣಗೆ ಉದುರುತ್ತಿತ್ತು.

“ಸುಮ್ಮನಿರಿ ಮೇಡಂ. ಸೆಕೆಗೆ ಮಷೀನಿನ ತಲೆ ಕೆಟ್ಟಿದೆ ಅಂತ ಹೇಳುವ,” ಎಂದು ಧಣಿಗಳು ಪಿಸುಗುಟ್ಟಿದರು.

ನನ್ನ ಪಿತ್ತ ನೆತ್ತಿಗೇರಿತು. “ಹಚ್ಚಿದ್ದು ನೀವು, ಬೈಸಿಕೊಳ್ಳೂದು ಅದು ಏನ್ರಿ?” ಎಂದವಳೇ ಆ ಹೆಂಗಸಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: ಇದು ನಮ್ಮ ಪೂಜೆ, ಇದು ಅರಿಶಿನ, ಅರಿಶಿನ ಮಣ್ಣಿನೊಳಗೆ ಬೆಳೆಯುವ ಗಡ್ಡೆ, ಮಣ್ಣು ಬೀಜಾಣುಗಳ ತವರುಮನೆ, ಯಂತ್ರ ಹೇಳುತ್ತಿರುವುದು ಸತ್ಯ. ಬೇಕಾದರೆ ನೋಡಿ ಎಂದು ಯಂತ್ರವನ್ನು ಚೊಕ್ಕ ಮಾಡಿ ಮತ್ತೆ ಬರೀ ಗಾಜು ಇಟ್ಟೆ. ಹಸಿರು ದೀಪ. ಧಣಿಗಳ ಜೇಬಿನಲ್ಲಿದ್ದ ಪೊಟ್ಟಣದಿಂದ ಒಂದು ಚಿಟಿಕೆ ಇಟ್ಟೆ. ಕೆಂಪು, ಪರದೆಯ ತುಂಬ ಗೆರೆಗಳು. ಇದಕ್ಕಿಂತ ಸೊಗಸಾದ ಪ್ರಾತ್ಯಕ್ಷಿಕೆಯನ್ನು ನಾನು ಹಿಂದೆಂದೂ ಕೊಟ್ಟಿರಲಿಲ್ಲ. ಆ ಹೆಂಗಸು ಬೆರಗಾಗಿ ನೋಡಿದಳು. ನನಗೆ ಎದೆಯುಬ್ಬಿತು.

ಧಣಿಗಳು ಪೆಚ್ಚು ಮೋರೆ ಹಾಕಿಕೊಂಡು ಯಂತ್ರವನ್ನು ಪೆಟ್ಟಿಗೆಗೆ ತುಂಬತೊಡಗಿದರು. ಆಕೆ ನನ್ನನ್ನು ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋಗಿ ಕಿಟಕಿಯಾಚೆ ಕೈ ತೋರಿಸಿದಳು. ಅಂಗಳದ ತುಂಬ ಮೂಟೆಗಳು.

“ಅವುಗಳಲ್ಲೂ ಅರಿಶಿನವೇ ಇದೆ,” ಎಂದಳು. “ನಮ್ಮ ತಟ್ಟೆ ಪರೀಕ್ಷೆಯ ಫಲ ಬರುವಷ್ಟರಲ್ಲಿ ಲಾರಿ ಹೋಗಿರುತ್ತದೆ. ನಿಮ್ಮ ಯಂತ್ರ ಲಾರಿ ಬಾಗಿಲಲ್ಲಿ ನಿಂತಿರುವಾಗಲೇ ಹೇಳುತ್ತದೆ. ಆಗ ಲಾರಿ ನಿಲ್ಲಿಸುವವರು ಯಾರು, ನಾನಾ?”

ಇಷ್ಟಿಷ್ಟು ಬೀಜಾಣು ಮಸಾಲೆಯಲ್ಲಿ ಇರುವುದೇ, ಮಿತಿ ಮೀರಿದರೆ ಮಾತ್ರ ಭಯ ಎಂದು ನಾನು ಪಾಠ ಹೇಳತೊಡಗಿದೆ. ಅವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಮೀರಿದ್ದು ಗೊತ್ತಾಗುವುದೇ ಅವಳ ಭಯವಾಗಿತ್ತು. “ನಿಮ್ಮ ಯಂತ್ರದಲ್ಲಿ ಒಂದು ದೋಷವೂ ಇಲ್ಲ. ಇದ್ದಿದ್ದರೆ ಕೊಳ್ಳಬಹುದಿತ್ತು,” ಎಂದು ನನ್ನ ಕೈ ಅದುಮಿ ಒಳಗೆ ಹೋದಳು. ಎಂಥ ಹೆಂಗಸು ಇವಳು, ತಿನ್ನುವವರ ಗತಿಯೇನು ಎಂದು ನನಗೆ ಮೈಯೆಲ್ಲ ಉರಿಯಿತು.

ವಾಪಸು ದುಬೈ ದಾರಿಯಲ್ಲಿ ನಾನು ವೀಸಾದ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತ, ಮಗಳಿಗೆ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಜೋಡಿಸುತ್ತ ಕುಳಿತಿದ್ದೆ.

“ಆರ್ಡರ್ ಕೊಡುದಿಲ್ಲ ಅಂದ್ರಾ ಅವರು?” ಎಂದು ಧಣಿಗಳು ಕೊನೆಗೆ ಕೇಳಿದರು.

“ಹೂಂ ರೀ ಸರ್.”

“ಎಲ್ಲ ನನ್ನ ಕೈಯಿಂದಲೇ ಆಯ್ತಲ್ಲ ಮೇಡಂ. ನೀವು ಬೇಡ ಅಂದ್ರಿ, ನಾನು ಕೇಳಲಿಲ್ಲ. ನಿಮ್ಮ ಮಗಳ ಪರೀಕ್ಷೆ ಮುಗಿಯುವವರೆಗೆ ನಿಮ್ಮ ವೀಸಾಕ್ಕೆ ನಾನು ಕೈ ಹಾಕುದಿಲ್ಲ. ಎಂತ ಕಷ್ಟ ಆದ್ರೂ ಸರಿ. ಆ ಅರಿಶಿನ ಇಲ್ಲದಿದ್ರೆ ಆರ್ಡರ್ ಬರ್ತಿತ್ತು, ಅಲ್ವಾ?”

ಪಡಸಾಲೆಯಲ್ಲಿ ಕೇಳಿದ್ದು ನಾಲಿಗೆಯ ತುದಿಯವರೆಗೆ ಬಂತು. ಮಗಳ ಮುಖ ನೆನಪಾಯಿತು.

“ಬರ್ತಿತ್ರಿ ಸರ್,” ಎಂದೆ.